ಎಟಿಯೋಸ್ ಡಿಕ್ಕಿಗೆ ಪೋರ್ಟೆಡ್ ಬಾಕ್ಸ್: ಅಂಗಡಿಯಲ್ಲಿ ಮಾಡಿಸಿದ್ದು ಬರೀ ಗುಂಯ್ ಅನ್ನುತ್ತಿದೆ, ಏನು ಮಾಡಲಿ?

ಕ್ಯಾತ್ಸಂದ್ರ_ಎಟಿಯೋಸ್
ಎಲ್ಲರಿಗೂ ನಮಸ್ಕಾರ. 2014ರ ಟೊಯೋಟಾ ಎಟಿಯೋಸ್ ಕಾರು, ಸೆಕೆಂಡ್ ಹ್ಯಾಂಡ್ ತೊಗೊಂಡು ಎಂಟು ತಿಂಗಳಾಯ್ತು. ದಿನಾ ತುಮಕೂರಿನ ಕ್ಯಾತ್ಸಂದ್ರದಿಂದ ದಾಬಸ್‌ಪೇಟೆಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಗಾಡಿಯಲ್ಲಿ ಹಾಡು ಇಲ್ಲದಿದ್ದರೆ ನಿದ್ದೆ ಬರುತ್ತದೆ. ಅದಕ್ಕೇ ದುಡ್ಡು ಕೂಡಿಟ್ಟು 12 ಇಂಚಿನ ಸಬ್ ವೂಫರ್ (ಬರೀ ತಗ್ಗಿನ ಸ್ವರಕ್ಕೆ ಇರೋ ಸ್ಪೀಕರ್), ಅದಕ್ಕೊಂದು 300 ವಾಟಿನ ಆಂಪ್ ಹಾಕಿಸಿದೆ. ಸಬ್ ಕೂರಿಸೋ ಪೋರ್ಟೆಡ್ ಬಾಕ್ಸ್ (ಗಾಳಿ ಓಡಾಡೋಕೆ ಪೈಪಿನ ಪೋರ್ಟ್ ಇರೋ ಪೆಟ್ಟಿಗೆ) ಕೂಡ ಅದೇ ಅಂಗಡಿಯವರೇ ಮಾಡಿಕೊಟ್ಟರು.

ಸಮಸ್ಯೆ ಏನಂದ್ರೆ, ಯಾವ ಹಾಡು ಹಾಕಿದರೂ ಒಂದೇ ತರ ಗುಂಯ್ ಗುಂಯ್. ತಮಟೆ ಬಡಿದರೂ ಗುಂಯ್, ಬೇಸ್ ಗಿಟಾರ್ ನುಡಿಸಿದರೂ ಗುಂಯ್. ವಾಲ್ಯೂಮ್ ಜಾಸ್ತಿ ಮಾಡಿದರೆ ಪೈಪಿನಿಂದ ಬುಸ್ ಬುಸ್ ಅಂತ ಹಾವಿನ ಸದ್ದು. ಅಂಗಡಿಗೆ ಹೋಗಿ ಕೇಳಿದರೆ "ಆಂಪ್ ಸಾಲದು, ಇನ್ನೂ ದೊಡ್ಡದು ಹಾಕಿ" ಅಂದರು. ನಂಗೇಕೋ ನಂಬಿಕೆ ಬರಲಿಲ್ಲ. ಬಾಕ್ಸ್ ನಾನೇ ಮಾಡಿಸೋಣ ಅಂತಿದೀನಿ. ಗೊತ್ತಿರೋರು ಹೇಳಿ.

ಗುಬ್ಬಿ_ಬಾಸ್
ಆಂಪ್ ದೊಡ್ಡದು ಹಾಕಿದರೆ ಬುಸ್ ಬುಸ್ ಇನ್ನೂ ದೊಡ್ಡದಾಗುತ್ತದೆ ಅಷ್ಟೇ ಗುರು. ದುಡ್ಡು ಇಟ್ಕೋ.

ಸೀಲ್ಡ್_ಪ್ರಿಯ
ಪೋರ್ಟೆಡ್ ಬೇಡವೇ ಬೇಡ. ತೂತು ಮುಚ್ಚಿಸಿ ಸೀಲ್ಡ್ ಮಾಡಿ. ಮುಗೀತು.

ಕೊರಟಗೆರೆ_ಅಕ್ಕ
ಮುಗಿಯೋದು ಅಷ್ಟು ಸುಲಭ ಅಲ್ಲ ಸೀಲ್ಡ್ ಅವರೇ. ಮೊದಲು ಈಗಿರುವ ಬಾಕ್ಸ್ ಹೇಗಿದೆ ಅಂತ ತಿಳೀಲಿ.

ಕ್ಯಾತ್ಸಂದ್ರದವರೇ, ಟೇಪ್ ತೊಗೊಂಡು ಬಾಕ್ಸಿನ ಒಳ ಅಳತೆ, ಪೈಪಿನ ಒಳ ವ್ಯಾಸ, ಪೈಪಿನ ಉದ್ದ ಹೇಳಿ. ಸಬ್ ಜೊತೆ ಒಂದು ಚೀಟಿ ಬಂದಿರುತ್ತದಲ್ಲ, ಅದರಲ್ಲಿ ಎಫ್‌ಎಸ್ (ಸ್ಪೀಕರ್ ತಾನಾಗೇ ಕಂಪಿಸುವ ಸ್ವರ, ಹರ್ಟ್ಜ್‌ನಲ್ಲಿ), ಕ್ಯೂಇಎಸ್ (ಆ ಕಂಪನವನ್ನು ಮ್ಯಾಗ್ನೆಟ್ ಎಷ್ಟು ಹಿಡಿದು ನಿಲ್ಲಿಸುತ್ತದೆ ಅನ್ನೋ ಅಂಕಿ) ಅಂತ ಇರುತ್ತದೆ. ಅದನ್ನೂ ಹಾಕಿ.

ಕ್ಯಾತ್ಸಂದ್ರ_ಎಟಿಯೋಸ್
ಅಕ್ಕ, ಸಬ್ ಬಿಚ್ಚಿ ಕೈ ಒಳಗೆ ಹಾಕಿ ಅಳೆದೆ. ಒಳಗೆ 50, 32, 27 ಸೆಂ.ಮೀ. ಪೈಪ್ 3 ಇಂಚಿಂದು, ಉದ್ದ ಬರೀ 10 ಸೆಂ.ಮೀ. ಹಲಗೆ 12 ಎಂ.ಎಂ. ಪಾರ್ಟಿಕಲ್ ಬೋರ್ಡ್, ಮೂಲೆಯಲ್ಲಿ ಗಮ್ ಒಂದು ಕಡೆ ಇದೆ, ಒಂದು ಕಡೆ ಇಲ್ಲ. ಟಾರ್ಚ್ ಬಿಟ್ಟರೆ ಬೆಳಕು ಆಚೆ ಬರುತ್ತದೆ!

ಚೀಟಿಯಲ್ಲಿ ಎಫ್‌ಎಸ್ 30, ಕ್ಯೂಇಎಸ್ 0.45 ಅಂತ ಇದೆ.

ಪಾವಗಡ_ಬಿಸಿಲು
ಬೆಳಕು ಆಚೆ ಬರುತ್ತೆ ಅಂದ್ರೆ ಅದು ಬಾಕ್ಸ್ ಅಲ್ಲ ಮಗಾ, ಜಾಲರಿ 😂

ಕೊರಟಗೆರೆ_ಅಕ್ಕ
ಸರಿ, ಲೆಕ್ಕ ಹಾಕೋಣ. 50×32×27 ಅಂದರೆ 43 ಲೀಟರ್. ಸಬ್ ಮ್ಯಾಗ್ನೆಟ್ ಒಳಗೆ ಕೂರುವ ಜಾಗ 3 ಲೀಟರ್ ಕಳೆದರೆ 40.

ಪೋರ್ಟೆಡ್ ಬಾಕ್ಸ್ ಅಂದರೆ ಏನೂ ಇಲ್ಲ, ಖಾಲಿ ಗೋಲಿ ಸೋಡಾ ಬಾಟಲಿ ಬಾಯಿಗೆ ಊದಿದ ಹಾಗೆ. ಬಾಟಲಿಯೊಳಗಿನ ಗಾಳಿ ಸ್ಪ್ರಿಂಗ್, ಕತ್ತಿನಲ್ಲಿರುವ ಗಾಳಿ ಆ ಸ್ಪ್ರಿಂಗಿಗೆ ಕಟ್ಟಿದ ಕಲ್ಲು. ಬಾಟಲಿಗೆ ಅರ್ಧ ನೀರು ಹಾಕಿ ಊದಿ, ಸ್ವರ ಏರುತ್ತದೆ. ಯಾಕಂದ್ರೆ ಗಾಳಿಯ ಜಾಗ ಕಮ್ಮಿಯಾಯ್ತು. ಬಾಕ್ಸಿನಲ್ಲೂ ಹಾಗೇ: ಲೀಟರ್ ಕಮ್ಮಿಯಾದರೆ ಸ್ವರ ಏರುತ್ತದೆ, ಪೈಪ್ ಉದ್ದವಾದರೆ ಸ್ವರ ಇಳಿಯುತ್ತದೆ, ಪೈಪ್ ದಪ್ಪವಾದರೆ ಮತ್ತೆ ಏರುತ್ತದೆ.

ನಿಮ್ಮ 40 ಲೀಟರ್, 3 ಇಂಚು, 10 ಸೆಂ.ಮೀ. ಸೇರಿಸಿದರೆ ಬಾಕ್ಸ್ ಸುಮಾರು 47 ಹರ್ಟ್ಜ್‌ಗೆ ಟ್ಯೂನ್ ಆಗಿದೆ, ಅಂದರೆ ಈ ಬಾಟಲಿಯ ಸ್ವರ ಸೆಕೆಂಡಿಗೆ 47 ಕಂಪನ. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿಯೇ 41. ಅಂದರೆ ಹಾಡಿನ ಬೇಸ್ ಎಲ್ಲಿ ಶುರುವಾಗಬೇಕೋ ಅಲ್ಲಿಗೆ ನಿಮ್ಮ ಬಾಕ್ಸ್ ಕೈ ಚೆಲ್ಲಿರುತ್ತದೆ. 47ರ ಆಸುಪಾಸು ಬಂದದ್ದನ್ನೆಲ್ಲ ಎತ್ತಿ ಎತ್ತಿ ಕೊಡುತ್ತದೆ. ಅದೇ ನಿಮ್ಮ ಗುಂಯ್.

ಬುಸ್ ಬುಸ್‌ಗೆ ಕಾರಣ ಬೇರೆ. 12 ಇಂಚಿನ ಕೋನ್ (ಸ್ಪೀಕರಿನ ಆಡುವ ಬಟ್ಟಲು) ತಳ್ಳುವ ಗಾಳಿಯೆಲ್ಲ ಆ 3 ಇಂಚಿನ ತೂತಿನಲ್ಲಿ ಹೋಗಿ ಬರಬೇಕು. ಪೋರ್ಟಿನಲ್ಲಿ ಗಾಳಿಯ ವೇಗ ಸೆಕೆಂಡಿಗೆ 17 ಮೀಟರ್ ದಾಟಿದರೆ ಸದ್ದು ಕೇಳೋಕೆ ಶುರುವಾಗುತ್ತದೆ ಅಂತ ಒಂದು ರೂಢಿ ಲೆಕ್ಕ.

ತಿಪಟೂರು_ಕಾಯಿ
ಅಕ್ಕ ನೀವು ನಮ್ಮ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡಬೇಕಿತ್ತು. ನಾನು ಪಾಸಾಗುತ್ತಿದ್ದೆ.

ಸೀಲ್ಡ್_ಪ್ರಿಯ
ಇಷ್ಟೆಲ್ಲ ಲೆಕ್ಕ ತಪ್ಪಿದರೆ ಪೋರ್ಟೆಡ್ ಕೆಡುತ್ತದೆ. ಸೀಲ್ಡ್ ಆದರೆ ಒಂದೆರಡು ಲೀಟರ್ ಆಚೀಚೆ ಆದರೂ ಏನೂ ಆಗಲ್ಲ. ಟ್ಯೂನಿಂಗ್ ಕೆಳಗೆ ಪೋರ್ಟೆಡ್ ಆಕ್ಟೇವ್‌ಗೆ (ಹರ್ಟ್ಜ್ ಅರ್ಧ ಆದಾಗಲೆಲ್ಲ) 24 ಡೆಸಿಬಲ್ ಬೀಳುತ್ತದೆ, ಸೀಲ್ಡ್ ಬರೀ 12. ಕಾರಿನಂಥ ಸಣ್ಣ ಜಾಗದಲ್ಲಿ ತಗ್ಗಿನ ಸ್ವರ ತಾನಾಗೇ ಏರುತ್ತದೆ, ಆ ಬಿದ್ದದ್ದು ತುಂಬಿಕೊಳ್ಳುತ್ತದೆ. ನನ್ನ ಮಾತು ಕೇಳಿದರೆ ಕೇಳಿ, ಬಿಟ್ಟರೆ ಬಿಡಿ.

ಗುಬ್ಬಿ_ಬಾಸ್
ಹ್ಯಾಚ್‌ಬ್ಯಾಕ್‌ಗೆ ನಿಮ್ಮ ಮಾತು ಒಪ್ಪಿದೆ. ಎಟಿಯೋಸ್ ಸೆಡಾನ್. ಡಿಕ್ಕಿ ಬೇರೆ, ಕ್ಯಾಬಿನ್ ಬೇರೆ, ನಡುವೆ ಸೀಟು. ಅರ್ಧ ಬೇಸ್ ಸೀಟಿನ ಸ್ಪಂಜಿಗೇ ಹೋಗುತ್ತದೆ. ಅದೇ 300 ವಾಟಿನಲ್ಲಿ ಪೋರ್ಟೆಡ್ ಜಾಸ್ತಿ ಸದ್ದು ಕೊಡುತ್ತದೆ. ಬಡವರ ಆಂಪ್ ಅದು.

ಜಾಗದ ಚಿಂತೆಯೂ ಇಲ್ಲ. ಎಟಿಯೋಸ್ ಡಿಕ್ಕಿ 595 ಲೀಟರ್. ಟ್ಯಾಕ್ಸಿಯವರು ಸುಮ್ನೆ ಆ ಗಾಡಿ ತೊಗೊಂಡ್ರಾ?

ಡೈಲಿ_ಪ್ಯಾಸೆಂಜರ್
ಬಿಡದಿಯಲ್ಲಿ ತಯಾರಾದ ಗಾಡಿ ಸಾರ್ ಅದು. 2020ರಲ್ಲಿ ನಿಲ್ಲಿಸಿಬಿಟ್ಟರು. ನಮ್ಮ ಮಾವನ ಹತ್ತಿರ ಇನ್ನೂ ಇದೆ, ಡೀಸೆಲ್. ಎಂಜಿನ್ ಸದ್ದಿಗೇ ಸಬ್ ಬೇಡ.

ಕೊರಟಗೆರೆ_ಅಕ್ಕ
ಸೀಲ್ಡ್ ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಒಂದು ಪರೀಕ್ಷೆ ಇದೆ: ಎಫ್‌ಎಸ್ ಅನ್ನು ಕ್ಯೂಇಎಸ್‌ನಿಂದ ಭಾಗಿಸಿ. 50ರ ಒಳಗೆ ಬಂದರೆ ಸೀಲ್ಡ್‌ಗೆ ಹುಟ್ಟಿದ ಸ್ಪೀಕರ್, 100ರ ಹತ್ತಿರ ಇದ್ದರೆ ಪೋರ್ಟೆಡ್‌ಗೆ. ಇವರದು 30 ಭಾಗ 0.45, ಅಂದರೆ 67. ನಡುವೆ ಇದೆ, ಎರಡೂ ನಡೆಯುತ್ತದೆ. ಈ ಎಫ್‌ಎಸ್, ಕ್ಯೂಇಎಸ್ ಲೆಕ್ಕವೆಲ್ಲ ಆಸ್ಟ್ರೇಲಿಯಾದಲ್ಲಿ 1961ರಲ್ಲಿ ಥೀಲ್ ಅನ್ನೋ ಎಂಜಿನಿಯರ್ ಬರೆದದ್ದು, 70ರ ದಶಕದಲ್ಲಿ ಸ್ಮಾಲ್ ಅನ್ನೋರು ಮುಂದುವರಿಸಿದ್ದು. ಅದಕ್ಕೂ ಮೊದಲು ಬಾಕ್ಸ್ ಮಾಡೋರು ಬಹಳ ಮಟ್ಟಿಗೆ ಕಿವಿಯನ್ನೇ ನಂಬಿ, ಮಾಡಿ ಮುರಿದು ಮಾಡುತ್ತಿದ್ದರು.

ನನ್ನ ಸಲಹೆ: ಒಳಗೆ ನಿವ್ವಳ 50 ಲೀಟರ್, 33 ಹರ್ಟ್ಜ್, 4 ಇಂಚಿನ ಪೈಪ್. ಪೈಪಿನ ಉದ್ದಕ್ಕೆ ಲೆಕ್ಕ ಹೀಗೆ. ಪೈಪಿನ ಒಳ ವ್ಯಾಸವನ್ನು ಸೆಂ.ಮೀ.ನಲ್ಲಿ ಅಳೆದು ವರ್ಗ ಮಾಡಿ, 23562.5ರಿಂದ ಗುಣಿಸಿ. ಆಮೇಲೆ ಬೇಕಾದ ಹರ್ಟ್ಜ್ ವರ್ಗ ಮಾಡಿ ಲೀಟರಿನಿಂದ ಗುಣಿಸಿ. ಮೊದಲಿನದನ್ನು ಎರಡನೆಯದರಿಂದ ಭಾಗಿಸಿ. ಬಂದದ್ದರಲ್ಲಿ ವ್ಯಾಸದ 0.73 ಪಾಲು ಕಳೆಯಿರಿ. ಪೈಪಿನ ಬಾಯಿಯ ಆಚೆಗೂ ಒಂದಿಷ್ಟು ಗಾಳಿ ಜೊತೆಗೇ ಓಡಾಡುತ್ತದೆ, ಕಳೆಯೋದು ಅದಕ್ಕೆ. ವ್ಯಾಸ 10 ಸೆಂ.ಮೀ. ಅಂತಿಟ್ಟುಕೊಂಡರೆ 36 ಸೆಂ.ಮೀ. ಬರುತ್ತದೆ.

50ರ ಮೇಲೆ ಸಬ್‌ಗೆ 3.5, ಪೈಪ್ ತಿನ್ನುವ ಜಾಗ 3.5, ಒಳಗಿನ ಅಡ್ಡಪಟ್ಟಿಗೆ 1.5 ಸೇರಿಸಿ. ಒಟ್ಟು 58.5. ಒಳ ಅಳತೆ 60, 32, 30.5 ಸೆಂ.ಮೀ. ಇಟ್ಟರೆ ಸರಿಹೋಗುತ್ತದೆ.

ಪಾವಗಡ_ಬಿಸಿಲು
ಒಂದರ ಬದಲು ಎರಡು ಪೈಪ್ ಹಾಕಿದರೆ? ಬುಸ್ ಬುಸ್ ಪೂರ್ತಿ ಹೋಗುತ್ತಲ್ವಾ.

ಕೊರಟಗೆರೆ_ಅಕ್ಕ
ಹೋಗುತ್ತದೆ. ಆದರೆ ಒಂದೊಂದೂ 79 ಸೆಂ.ಮೀ. ಉದ್ದ ಬೇಕು. ಬಾಕ್ಸಿನಿಂದ ಹಿಂದಿನ ಸೀಟಿನವರ ಬೆನ್ನಿಗೆ ಚುಚ್ಚುತ್ತದೆ.

ಶಿರಾಗೇಟ್_ಬಡಗಿ
ನಮಸ್ಕಾರ. ನಾನು ಮರಗೆಲಸದವನು, ಸೌಂಡ್ ವಿಷಯ ಅಷ್ಟು ಗೊತ್ತಿಲ್ಲ. ಒಂದು ಡೌಟು. ಪೈಪ್ 36, ಪೆಟ್ಟಿಗೆ ಆಳ 32. ಮುಂದಿನಿಂದ ತೂರಿಸಿದರೆ ಹಿಂದಿನ ಹಲಗೆ ಒಡೆದುಕೊಂಡು ಆಚೆ ಬರುತ್ತದಲ್ಲ ಮೇಡಂ?

ಕೊರಟಗೆರೆ_ಅಕ್ಕ
ಶಭಾಷ್! ಅದನ್ನ ಹೇಳೋದು ಮರೆತೆ. ಪೈಪನ್ನು ಮುಂದಿನಿಂದ ಬೇಡ, ಪಕ್ಕದ ಹಲಗೆಯಿಂದ ಉದ್ದಕ್ಕೆ ಬಿಡಿ, ಹಿಂದಿನ ಗೋಡೆಗೆ ಒತ್ತಿಕೊಂಡು. ಆ ಕಡೆ 60 ಸೆಂ.ಮೀ. ಇದೆ. ಒಳಗಿನ ತುದಿಗೂ ಎದುರಿನ ಹಲಗೆಗೂ ಕನಿಷ್ಠ ಪೈಪಿನ ವ್ಯಾಸದಷ್ಟು ಜಾಗ ಇರಬೇಕು. ಹೊರಗಡೆ ಡಿಕ್ಕಿಯ ಗೋಡೆಗೂ ಅಷ್ಟೇ ಜಾಗ ಬಿಡಿ, ಇಲ್ಲದಿದ್ದರೆ ಬಾಯಿಗೆ ಕೈ ಅಡ್ಡ ಇಟ್ಟ ಹಾಗೆ.

ಶಿರಾಗೇಟ್_ಬಡಗಿ
ಹಲಗೆ 18 ಎಂ.ಎಂ. ಇರಲಿ. ಎಂಡಿಎಫ್ ನುಣ್ಣಗೆ ಕಟ್ ಆಗುತ್ತೆ, ಆದರೆ ಡಿಕ್ಕಿಗೆ ನೀರು ಇಳಿದರೆ ಬನ್ ತರ ಉಬ್ಬುತ್ತದೆ. ಒಳ್ಳೆ ಪ್ಲೈವುಡ್ ಹಾಕಿ. ಸ್ಕ್ರೂ ಹಾಕೋ ಮುಂಚೆ ಡ್ರಿಲ್‌ನಲ್ಲಿ ಸಣ್ಣ ತೂತು ಹೊಡೀರಿ, ಇಲ್ಲಾಂದ್ರೆ ಅಂಚು ಸೀಳುತ್ತದೆ. ಫೆವಿಕಾಲ್ ಧಾರಾಳ ಹಾಕಿ. ಒಣಗಿದ ಮೇಲೆ ಒಳಗಿನ ಮೂಲೆಗೆಲ್ಲ ಇನ್ನೊಂದು ಸಲ ಬೆರಳಲ್ಲಿ ತೀಡಿ. ಪೈಪಿನ ಸುತ್ತ ಎಂ-ಸೀಲ್.

ತಿಪಟೂರು_ಕಾಯಿ
ನಮ್ಮೂರ ಜಾತ್ರೆಯಲ್ಲಿ ಟ್ರ್ಯಾಕ್ಟರ್ ಮೇಲೆ ಹದಿನಾರು ಬಾಕ್ಸ್ ಕಟ್ಟಿಕೊಂಡು ಬರ್ತಾರೆ. ಅವರು ಯಾರೂ ಎಫ್‌ಎಸ್ ಗಿಫ್‌ಎಸ್ ನೋಡಲ್ಲ. ನೆಲ ನಡುಗುತ್ತೆ. ಹೋದ ವರ್ಷ ನಮ್ಮ ಹಟ್ಟಿಯ ಹೆಂಚು ಎರಡು ಜಾರಿತು.

ಡೈಲಿ_ಪ್ಯಾಸೆಂಜರ್
ಅದನ್ನೇ ಹೇಳೋಣ ಅಂತಿದ್ದೆ. ಈ ಬೇಸ್ ಹುಚ್ಚಿನವರಿಗೆ ಒಂದು ಮಾತು. ರಾತ್ರಿ ಬಟವಾಡಿ ಸಿಗ್ನಲ್‌ನಲ್ಲಿ ನಿಲ್ಲುತ್ತಾರೆ, ಪಕ್ಕದ ಬಸ್ಸಿನ ಕಿಟಕಿ ಗಾಜು ಗಡಗಡ. ನಾನು ದಿನಾ ಬೆಂಗಳೂರಿಗೆ ಹೋಗಿ ಬರೋನು, 70 ಕಿ.ಮೀ., ಬಸ್ಸಿನಲ್ಲಿ ಕಣ್ಣು ಮುಚ್ಚೋದೇ ಆ ಅರ್ಧ ಗಂಟೆ. ನಿಮ್ಮ ಹಾಡು ನನಗ್ಯಾಕೆ?

ಗುಬ್ಬಿ_ಬಾಸ್
ಬಸ್ಸಿನ ಗಾಜು ಸಬ್ ಇಲ್ಲದಿದ್ದರೂ ಗಡಗಡ ಅನ್ನುತ್ತೆ ಸಾರ್.

ಸೀಲ್ಡ್_ಪ್ರಿಯ
ಇಲ್ಲ, ಅವರು ಹೇಳಿದ್ದು ನ್ಯಾಯ. ಶಬ್ದ ಮಾಲಿನ್ಯದ ನಿಯಮ 2000ದಲ್ಲೇ ಬಂದಿದೆ. ಮನೆಗಳಿರುವ ಕಡೆ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ತಗ್ಗಿನ ಸ್ವರ ಗೋಡೆಗೂ ನಿಲ್ಲಲ್ಲ, ಗಾಜಿಗೂ ನಿಲ್ಲಲ್ಲ. ಗಾಡಿಯೊಳಗೆ ನಿಮಗೆ ಹಿತವಾಗಿ ಕೇಳುವಾಗಲೇ ಪಕ್ಕದ ಮನೆ ಅಜ್ಜಿಗೆ ಎದೆಯಲ್ಲಿ ಡಬ್ ಡಬ್ ಅಂತಿರುತ್ತದೆ.

ಕ್ಯಾತ್ಸಂದ್ರ_ಎಟಿಯೋಸ್
ಅಯ್ಯೋ ನಾನು ಸಿಗ್ನಲ್‌ನಲ್ಲಿ ಶೋ ಕೊಡೋನಲ್ಲ ಸಾರ್. ಟೋಲ್ ದಾಟಿದ ಮೇಲೆ ನಾನು, ಹೈವೇ ಅಷ್ಟೇ. ನಮ್ಮ ಬೀದಿಗೆ ಬಂದಾಗ ಪೂರ್ತಿ ಕಮ್ಮಿ ಮಾಡ್ತೀನಿ. ನಮ್ಮಪ್ಪ ಬೈತಾರೆ.

ಬೆಳಗ್ಗೆ ಮಂಡಿಪೇಟೆಗೆ ಹೋಗಿ 110 ಎಂ.ಎಂ. ಪಿವಿಸಿ ಪೈಪ್ ತುಂಡು ತಂದೆ. ಒಳ ವ್ಯಾಸ ಅಳೆದರೆ 10 ಇಲ್ಲ, 10.4 ಇದೆ. ತೊಂದರೆ ಇದೆಯಾ ಅಕ್ಕ?

ಕೊರಟಗೆರೆ_ಅಕ್ಕ
ಅಳೆದದ್ದು ಒಳ್ಳೆಯದಾಯ್ತು. 10.4 ಆದರೆ ಉದ್ದ 39 ಸೆಂ.ಮೀ. ಆಗುತ್ತದೆ. ಹಲಗೆಯ ದಪ್ಪವೂ ಆ 39ರೊಳಗೇ ಲೆಕ್ಕ. ಎರಡೂ ತುದಿಯ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ದುಂಡಗೆ ಮಾಡಿ. ಚೂಪು ಅಂಚಿನಲ್ಲಿ ಗಾಳಿ ಸುಳಿ ತಿರುಗಿ ಸದ್ದು ಮಾಡುತ್ತದೆ. ಕತ್ತರಿಸುವಾಗ 40 ಇಟ್ಟುಕೊಳ್ಳಿ. ಕಮ್ಮಿ ಮಾಡಬಹುದು, ಜಾಸ್ತಿ ಮಾಡೋಕಾಗಲ್ಲ.

ಕ್ಯಾತ್ಸಂದ್ರ_ಎಟಿಯೋಸ್
ಅಪ್‌ಡೇಟ್. ಅಂತರಸನಹಳ್ಳಿ ಕಡೆ ಗೊತ್ತಿರೋ ಒಬ್ಬರು ಬಡಗಿಗೆ ಚೀಟಿ ಕೊಟ್ಟು ಬಂದಿದ್ದೆ. ಸಂಜೆ ಹೋದರೆ ಹಲಗೆ ಎಲ್ಲ ಕಟ್ ಮಾಡಿ ರೆಡಿ ಇಟ್ಟಿದ್ದಾರೆ. ನಾಳೆ ಬೆಳಗ್ಗೆ ಗಮ್ ಹಾಕ್ತಾರಂತೆ. ಖುಷಿ!

ಶಿರಾಗೇಟ್_ಬಡಗಿ
ಮುಂದಿನ ಹಲಗೆ ಅಳತೆ ಎಷ್ಟಿದೆ ನೋಡಿ ಹೇಳಿ.

ಕ್ಯಾತ್ಸಂದ್ರ_ಎಟಿಯೋಸ್
60ಕ್ಕೆ 30.5. ಅಕ್ಕ ಹೇಳಿದ್ದೇ ಅಲ್ವಾ?

ಶಿರಾಗೇಟ್_ಬಡಗಿ
ಗಮ್ ಹಾಕಿಸಬೇಡಿ! ಈಗಲೇ ಫೋನ್ ಮಾಡಿ ನಿಲ್ಲಿಸಿ. ಮೇಡಂ ಕೊಟ್ಟಿದ್ದು ಒಳ ಅಳತೆ. ಅವರು ಹೊರ ಅಳತೆ ಅಂತ ತೊಗೊಂಡಿದ್ದಾರೆ. ಮುಂದಿನ ಹಲಗೆ 63.6ಕ್ಕೆ 34.1 ಇರಬೇಕು. ನಿಮ್ಮ ಸಬ್ ರಿಂಗ್ ಹಿಡಿದು ನೋಡಿ, 31 ಸೆಂ.ಮೀ. ಮೇಲೇ ಇರುತ್ತದೆ. 30.5ರ ಹಲಗೆ ಮೇಲೆ ಹೇಗೆ ಕೂರಿಸ್ತೀರಿ?

ಕ್ಯಾತ್ಸಂದ್ರ_ಎಟಿಯೋಸ್
ಅಯ್ಯಪ್ಪಾ. ಸಬ್ ಹಿಡಿದು ನೋಡಿದೆ. 31.5. ಮೇಲೆ ಕೆಳಗೆ ಎರಡೂ ಕಡೆ ಆಚೆ ಚಾಚಿಕೊಂಡಿದೆ, ಸಣ್ಣ ತಟ್ಟೆಯಲ್ಲಿ ಕೂರಿಸಿದ ನಮ್ಮೂರ ತಟ್ಟೆ ಇಡ್ಲಿ ತರ.

ಪಾವಗಡ_ಬಿಸಿಲು
ತಟ್ಟೆ ಇಡ್ಲಿ ಅಂದ್ರಿ, ಹಸಿವಾಯ್ತು. ಕ್ಯಾತ್ಸಂದ್ರದಲ್ಲಿ ಈಗ ಯಾವ ಹೋಟೆಲ್ ಚೆನ್ನಾಗಿದೆ? ಭಾನುವಾರ ದೇವರಾಯನದುರ್ಗಕ್ಕೆ ಬರ್ತಿದೀವಿ.

ತಿಪಟೂರು_ಕಾಯಿ
ಯಾವುದರಲ್ಲಿ ಜನ ನಿಂತು ತಿಂತಿದಾರೋ ಅದು. ಬೆಣ್ಣೆ ಕೇಳಿ ಹಾಕಿಸ್ಕೊಳ್ಳಿ.

ಕೊರಟಗೆರೆ_ಅಕ್ಕ
ತಪ್ಪು ನನ್ನದೂ ಇದೆ. ಬಡಗಿಗಳಿಗೆ ಪೆಟ್ಟಿಗೆ ಅಂದರೆ ಹೊರ ಅಳತೆ, ನಮಗೆ ಒಳಗಿನ ಗಾಳಿ. ಹೊರ ಅಳತೆಯನ್ನೂ ಬರೆದಿರಬೇಕಿತ್ತು.

ಆ ಹಲಗೆಯಲ್ಲೇ ಮಾಡಿದ್ದರೆ ಏನಾಗುತ್ತಿತ್ತು ಅಂತ ಲೆಕ್ಕ ಹಾಕಿದೆ. ಬರೀ 1.8 ಸೆಂ.ಮೀ. ದಪ್ಪ ಅನ್ನಿಸುತ್ತದೆ, ಆದರೆ ಆರೂ ಕಡೆಯಿಂದ ತಿಂದರೆ 58.5 ಇದ್ದದ್ದು 43 ಲೀಟರಿಗೆ ಇಳಿಯುತ್ತದೆ. ಸಬ್, ಪೈಪ್, ಪಟ್ಟಿ ಕಳೆದರೆ ಉಳಿಯೋದು ಸುಮಾರು 34.5. ಅದೇ ಪೈಪಿನಲ್ಲಿ ಟ್ಯೂನಿಂಗ್ 40 ಹರ್ಟ್ಜ್‌ಗೆ ಏರುತ್ತಿತ್ತು. ಹೊಸ ಬಾಕ್ಸಿನಲ್ಲಿ ಹಳೇ ಗುಂಯ್.

ಕ್ಯಾತ್ಸಂದ್ರ_ಎಟಿಯೋಸ್
ಬಡಗಿ ಅಣ್ಣ ಒಳ್ಳೆಯವರು, ಬೇಜಾರು ಮಾಡ್ಕೊಳ್ಳಲಿಲ್ಲ. ಹೊಸ ಶೀಟಿನ ದುಡ್ಡು ನಾನು ಕೊಟ್ಟೆ, ಕೂಲಿ ಅವರು ಬಿಟ್ಟರು. ಹಳೇ ಹಲಗೆ ಮನೆಗೆ ತಂದಿದ್ದೀನಿ.

ಇನ್ನೊಂದು ಕೇಳಬೇಕಿತ್ತು. ವೈರ್ ಈಗಿರೋದೇ ಸಾಕಾ? ಬ್ಯಾಟರಿ ಹತ್ತಿರ ಫ್ಯೂಸ್ ಕಾಣ್ತಿಲ್ಲ. ಆಂಪ್ ಹತ್ತಿರ ಒಂದಿದೆ.

ಗುಬ್ಬಿ_ಬಾಸ್
ಗುರು ಮೊದಲು ಅದನ್ನ ಸರಿ ಮಾಡು, ಬಾಕ್ಸ್ ಆಮೇಲೆ. ಆಂಪ್ ಹತ್ತಿರದ ಫ್ಯೂಸ್ ಆಂಪ್ ಕಾಯುತ್ತದೆ. ವೈರ್ ಕಾಯೋದು ಬ್ಯಾಟರಿ ಹತ್ತಿರದ್ದು. ಬಾನೆಟ್‌ನಿಂದ ಡಿಕ್ಕಿವರೆಗೂ ಹೋಗುವ ವೈರ್ ಎಲ್ಲಾದರೂ ಬಾಡಿಗೆ ಉಜ್ಜಿ ಸಿಪ್ಪೆ ಹೋದರೆ ಬ್ಯಾಟರಿಯ ಪೂರ್ತಿ ಕರೆಂಟ್ ಅಲ್ಲಿ ಹರಿಯುತ್ತದೆ. ಬೆಂಕಿ. ನನ್ನ ಹಳೇ ಗಾಡಿಯಲ್ಲಿ ಕಾರ್ಪೆಟ್ ಕೆಳಗಿಂದ ಹೊಗೆ ಬಂದು, ಗುಬ್ಬಿ ಗೇಟ್ ಹತ್ತಿರ ನಡುರಸ್ತೆಯಲ್ಲಿ ಸ್ಪ್ಯಾನರ್ ಹಿಡಿದು ಬ್ಯಾಟರಿ ಟರ್ಮಿನಲ್ ಕಿತ್ತಿದ್ದೀನಿ. ಕೈ ಇನ್ನೂ ನೆನೆಸ್ಕೊಂಡ್ರೆ ನಡುಗುತ್ತೆ.

ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಬೇಕು. 300 ವಾಟ್ ಕ್ಲಾಸ್ ಡಿ ಆಂಪ್ ಪೂರ್ತಿ ಜೋರಿನಲ್ಲಿ ಸುಮಾರು 27 ಆಂಪಿಯರ್ ಎಳೆಯುತ್ತದೆ, 40ರ ಫ್ಯೂಸ್ ಸಾಕು. ವೈರ್ 8 ಗೇಜ್, ಅಪ್ಪಟ ತಾಮ್ರದ್ದು. ತಾಮ್ರದ ನೀರು ಹಾಕಿದ ಅಲ್ಯೂಮಿನಿಯಂ ಬೇಡ. ಗ್ರೌಂಡ್ ಕೊಡುವ ಕಡೆ ಪೇಂಟ್ ಕೆರೆದು ಬರೀ ಲೋಹ ಕಾಣಿಸಬೇಕು.

ಕೊರಟಗೆರೆ_ಅಕ್ಕ
ಆಂಪ್‌ನಲ್ಲಿ ಸಬ್‌ಸೋನಿಕ್ ಫಿಲ್ಟರ್ (ತೀರಾ ತಗ್ಗಿನ ಸ್ವರ ತಡೆಯೋದು) ಇದ್ದರೆ 28ರ ಹತ್ತಿರ ಇಡಿ. ಪೋರ್ಟೆಡ್ ಬಾಕ್ಸಿನಲ್ಲಿ ಟ್ಯೂನಿಂಗ್‌ಗಿಂತ ಕೆಳಗೆ ಕೋನ್ ಹಿಡಿದುಕೊಳ್ಳುವ ಗಾಳಿಯೇ ಇರಲ್ಲ, ಹಗ್ಗ ಬಿಚ್ಚಿದ ಕರುವಿನ ತರ ಕುಣಿಯುತ್ತದೆ. ಸ್ಪೀಕರ್ ಹರಿಯೋದೇ ಅಲ್ಲಿ. ಈ ಒಂದು ವಿಷಯದಲ್ಲಿ ಸೀಲ್ಡ್ ಅವರದೇ ಗೆಲುವು.

ಸೀಲ್ಡ್_ಪ್ರಿಯ
ಸದ್ಯ, ಒಂದಾದರೂ ಒಪ್ಪಿದ್ರಲ್ಲ.

ಕ್ಯಾತ್ಸಂದ್ರ_ಎಟಿಯೋಸ್
ಬಾಕ್ಸ್ ಆಯ್ತು! ಎರಡು ದಿನ ಒಣಗಿಸಿ ನಿನ್ನೆ ಕೂರಿಸಿದೆ. ಫ್ಯೂಸೂ ಹಾಕಿಸಿದೆ.

ಫೋನಿನಲ್ಲಿ ಒಂದೇ ಸ್ವರ ನುಡಿಸುವ ಆ್ಯಪ್ ಹಾಕಿಕೊಂಡು, ಕಮ್ಮಿ ವಾಲ್ಯೂಮಿನಲ್ಲಿ 60 ಹರ್ಟ್ಜ್‌ನಿಂದ ಒಂದೊಂದೇ ಇಳಿಸುತ್ತಾ ಬಂದೆ. ಡಿಕ್ಕಿ ತೆಗೆದು, ಟಾರ್ಚ್ ಹಿಡಿದು ಕೋನ್ ನೋಡ್ತಾ ಕೂತಿದ್ದೆ. 50ರಲ್ಲಿ ಕೋನ್ ಚೆನ್ನಾಗಿ ಆಡ್ತಿತ್ತು. 40ಕ್ಕೆ ಬಂದಾಗ ಕಮ್ಮಿ. 34ಕ್ಕೆ ಬಂದಾಗ ನಿಂತೇ ಹೋಯ್ತು ಅನ್ನಿಸ್ತು, ಬೆರಳು ಇಟ್ಟರೆ ಮಾತ್ರ ಸಣ್ಣ ನಡುಕ. ಕೆಟ್ಟೋಯ್ತಾ ಅಂತ ಹೆದರಿ ಪೈಪಿನ ಮುಂದೆ ಕೈ ಹಿಡಿದರೆ, ಗಾಳಿ ಅಂಗೈಗೆ ಹೊಡೀತಿದೆ! ಕೋನ್ ಸುಮ್ನಿದೆ, ಸದ್ದೆಲ್ಲ ಪೈಪಿಂದ ಬರ್ತಿದೆ. ಪೈಪಿನ ಬಾಯಿಗೆ ಅಂಟಿಸಿದ್ದ ದಾರ ನೆಟ್ಟಗೆ ನಿಂತು ಒದ್ದಾಡ್ತಿತ್ತು. 28ಕ್ಕೆ ಇಳಿಸಿದ ಕೂಡಲೇ ಕೋನ್ ಮತ್ತೆ ಕುಣಿಯೋಕೆ ಶುರು. ಅಲ್ಲಿಗೆ ನಿಲ್ಲಿಸಿದೆ.

ಕೊರಟಗೆರೆ_ಅಕ್ಕ
ಆ 34 ನಿಮ್ಮ ಬಾಕ್ಸಿನ ಟ್ಯೂನಿಂಗ್. 33 ಅಂದುಕೊಂಡಿದ್ದೆವು, ಒಂದು ಹರ್ಟ್ಜ್ ಆಚೀಚೆ. ಪೈಪ್ ಮುಟ್ಟೋಕೆ ಹೋಗಬೇಡಿ. ಹಾಡು ಹೇಗಿದೆ?

ಕ್ಯಾತ್ಸಂದ್ರ_ಎಟಿಯೋಸ್
ಅಕ್ಕ, ತಮಟೆ ಬೇರೆ, ಬೇಸ್ ಗಿಟಾರ್ ಬೇರೆ ಅಂತ ಈಗ ಗೊತ್ತಾಗ್ತಿದೆ. ಒಂದೇ ತೊಂದರೆ, ನಂಬರ್ ಪ್ಲೇಟ್ ಗರಗರ ಅನ್ನುತ್ತೆ.

ಗುಬ್ಬಿ_ಬಾಸ್
ಪ್ಲೇಟ್ ಹಿಂದೆ ಸೈಕಲ್ ಟ್ಯೂಬ್ ತುಂಡು ಇಟ್ಟು ಟೈಟ್ ಮಾಡು. ಐದು ನಿಮಿಷದ ಕೆಲಸ.

ಶಿರಾಗೇಟ್_ಬಡಗಿ
ಆ ಹಳೇ ಹಲಗೆ ಏನು ಮಾಡಿದ್ರಿ? 18 ಎಂ.ಎಂ. ಒಳ್ಳೆ ಮಾಲು, ಸುಮ್ನೆ ಬಿಸಾಕಬೇಡಿ.

ಕ್ಯಾತ್ಸಂದ್ರ_ಎಟಿಯೋಸ್
ಅಮ್ಮ ಆಗಲೇ ಬಾಗಿಲ ಪಕ್ಕ ಚಪ್ಪಲಿ ಸ್ಟ್ಯಾಂಡ್ ಮಾಡಿಸಿಬಿಟ್ಟರು ಅಣ್ಣ. ಅಳತೆ ಸರಿಯಾಗಿದೆಯಂತೆ.